ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು

ಎಲೆಕ್ಟ್ರಾನಿಕ್ಸ್ ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಪದವಿ ಪಡೆಯುವುದಕ್ಕೆ ಮುನ್ನ ಒಂದು ಕೆಲಸವನ್ನು ತನ್ನ ಕೈಯಾರೆ ಮಾಡಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ವಿದ್ಯುತ್ ನಿರ್ವಹಣೆಯ ಒಂದು ಚಿಪ್ಪನ್ನು, ಅದರ ತಯಾರಕರೇ ಒದಗಿಸುವ ಪರೀಕ್ಷಾ ಫಲಕದ ಮೇಲೆ, ಮೊದಲಿನಿಂದ ಕೊನೆಯವರೆಗೆ ತಾನೇ ಅಣಿಗೊಳಿಸಿ, ಚಾಲನೆಗೆ ತಂದು, ಅಳೆದು, ಅಳೆದದ್ದನ್ನು ಅಳೆದಂತೆಯೇ ಬರೆದಿಡಬೇಕು. ನಿಮ್ಮಲ್ಲಿ ಅನೇಕರು ಇದೇ ಕ್ಷೇತ್ರದಲ್ಲಿ ದುಡಿಯುತ್ತಿರುವವರು. 'ಇದೇನು ಮಹಾ ಕೆಲಸ' ಎಂದು ನಗಬಹುದು. ಪ್ರೌಢಶಾಲೆಯಲ್ಲಿ ಓಮ್‌ನ ನಿಯಮ ಹೇಳಿಕೊಟ್ಟು ನಿವೃತ್ತನಾದ ಮೇಷ್ಟರಿಗೆ ಇದರ ಗೊಡವೆ ಏಕೆಂದೂ ಕೇಳಬಹುದು. ಇಲ್ಲಿಯ ಮುಖ್ಯ ವಿಷಯವೇ ಓಮ್‌ನ ನಿಯಮವಾದ್ದರಿಂದ ನನಗೂ ಎರಡು ಮಾತು ಹೇಳುವ ಅಧಿಕಾರವಿದೆಯೆಂದು ಭಾವಿಸಿದ್ದೇನೆ.

ಈ ಕ್ಷೇತ್ರದ ಪರಿಚಯವಿಲ್ಲದ ಬಂಧುಗಳಿಗಾಗಿ ಮೊದಲು ಸ್ವಲ್ಪ ವಿವರಣೆ ಅಗತ್ಯ. ನಿಮ್ಮ ಕೈಯಲ್ಲಿರುವ ಮೊಬೈಲಿನ ಬ್ಯಾಟರಿ ತುಂಬಿದಾಗ ಸುಮಾರು 4.2 ವೋಲ್ಟ್ ಇರುತ್ತದೆ. ಬರಿದಾಗುತ್ತ ಬಂದಂತೆ 3 ವೋಲ್ಟಿನ ಸಮೀಪಕ್ಕೆ ಇಳಿಯುತ್ತದೆ. ಆದರೆ ಒಳಗಿನ ಪ್ರೊಸೆಸರಿಗೆ ಬೇಕಾದದ್ದು 1 ವೋಲ್ಟಿನ ಆಸುಪಾಸು. ನೆನಪಿನ ಚಿಪ್ಪಿಗೆ ಬೇರೊಂದು ವೋಲ್ಟೇಜು, ಉಳಿದವಕ್ಕೆ 1.8 ಅಥವಾ 3.3. ಒಂದೇ ಒಲೆಯ ಮೇಲೆ ಹಿರಿಯರಿಗೊಂದು, ಮಗುವಿಗೊಂದು, ರೋಗಿಗೊಂದು ಅಡುಗೆ ಮಾಡಿಡುವ ಗೃಹಿಣಿಯಂತೆ, ಏರಿಳಿಯುವ ಒಂದು ಮೂಲದಿಂದ ಸ್ಥಿರವಾದ ಹಲವು ವೋಲ್ಟೇಜುಗಳನ್ನು ಸಿದ್ಧಪಡಿಸಿ ಕೊಡುವುದು ವಿದ್ಯುತ್ ನಿರ್ವಹಣಾ ಚಿಪ್ಪಿನ ಕೆಲಸ. 2013ರಲ್ಲಿ ಬಂದ ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಪುಟ್ಟ ಕಂಪ್ಯೂಟರ್ ಫಲಕವನ್ನು ನಿಮ್ಮಲ್ಲಿ ಕೆಲವರು ಬಳಸಿರಬಹುದು. ಅದರಲ್ಲಿರುವ ಟಿಪಿಎಸ್ 65217 ಎಂಬ ಒಂದೇ ಚಿಪ್ಪು ನೆನಪಿಗೆ 1.5, ಪ್ರೊಸೆಸರಿಗೆ 1.1, ಉಳಿದವಕ್ಕೆ 1.8 ಮತ್ತು 3.3 ವೋಲ್ಟುಗಳನ್ನು, ಯಾವುದು ಮೊದಲು ಯಾವುದು ಅನಂತರ ಎಂಬ ಕ್ರಮ ತಪ್ಪದೆ ಒದಗಿಸುತ್ತದೆ. ಊಟ ರುಚಿಯಾಗಿದ್ದಾಗ ಅಡುಗೆಯವರನ್ನು ಯಾರೂ ನೆನೆಯುವುದಿಲ್ಲ. ಕೆಟ್ಟಾಗ ಮಾತ್ರ ವಿಚಾರಿಸುತ್ತಾರೆ. ಈ ಚಿಪ್ಪಿನ ಪಾಡೂ ಅದೇ.

ನಮ್ಮ ಕಾಲದ ಶಾಲಾ ಪ್ರಯೋಗಗಳಲ್ಲಿ ಮೂರು ಕಾಲಿನ 7805 ಎಂಬ ರೆಗ್ಯುಲೇಟರ್ ಇರುತ್ತಿತ್ತು. 12 ವೋಲ್ಟ್ ಕೊಟ್ಟರೆ 5 ವೋಲ್ಟ್ ಕೊಡುತ್ತಿತ್ತು. ಮಿಕ್ಕ 7 ವೋಲ್ಟ್ ಎಲ್ಲಿ ಹೋಯಿತೆಂದು ಕೇಳಿದ ಹುಡುಗನಿಗೆ ಅದನ್ನು ಮುಟ್ಟಿ ನೋಡೆನ್ನುತ್ತಿದ್ದೆ. 1 ಆಂಪಿಯರ್ ಹರಿದರೆ 7 ವಾಟ್ ಶಾಖವಾಗಿ ಹೋಗುತ್ತದೆ. ಕೊಟ್ಟ 12 ವಾಟಿನಲ್ಲಿ ಉಪಯೋಗಕ್ಕೆ ಬರುವುದು 5 ಮಾತ್ರ, ಅಂದರೆ ನೂರಕ್ಕೆ 42ಕ್ಕಿಂತ ಕಡಿಮೆ. ಈಗಿನ ಸ್ವಿಚಿಂಗ್ ಚಿಪ್ಪುಗಳು ಸೆಕೆಂಡಿಗೆ ಲಕ್ಷಾಂತರ ಬಾರಿ ತೆರೆದು ಮುಚ್ಚಿ, ಶಕ್ತಿಯನ್ನು ಒಂದು ಸುರುಳಿಯಲ್ಲಿ ಹಿಡಿದಿಟ್ಟು ಬಿಡುಗಡೆ ಮಾಡುವುದರಿಂದ ಈ ಪೋಲು ಬಹುಮಟ್ಟಿಗೆ ತಪ್ಪುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೆಂದರೆ ಸೂಕ್ಷ್ಮತೆ. ಸುರುಳಿ, ಕೆಪಾಸಿಟರ್, ತಾಮ್ರದ ಗೆರೆಗಳ ಉದ್ದ, ಭೂಸಂಪರ್ಕದ ದಾರಿ ಇವುಗಳಲ್ಲಿ ಒಂದು ಅಪ್ರಶಸ್ತವಾದರೂ ಚಿಪ್ಪು ಹಟ ಹಿಡಿಯುತ್ತದೆ. ಆದಕಾರಣ ತಯಾರಕರು ಎಲ್ಲ ಬಿಡಿಭಾಗಗಳನ್ನೂ ಸರಿಯಾದ ಸ್ಥಾನದಲ್ಲಿ ಕೂರಿಸಿ, ಒಂದು ಮಾದರಿ ಫಲಕವನ್ನು ಸಿದ್ಧಪಡಿಸಿ, ಜೊತೆಗೆ ಒಂದು ಕೈಪಿಡಿಯನ್ನೂ ಕೊಡುತ್ತಾರೆ. ಇದೇ ಇವ್ಯಾಲ್ಯುಯೇಷನ್ ಬೋರ್ಡ್. ನಾವು ಪರೀಕ್ಷಾ ಫಲಕವೆನ್ನೋಣ.

ಕಳೆದ ಬೇಸಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಂತಹ ಒಂದು ಫಲಕವನ್ನೂ ತನ್ನ ಆಸಿಲೋಸ್ಕೋಪನ್ನೂ ಮನೆಗೆ ತಂದಿದ್ದ. ಟಿಪಿಎಸ್ 54331 ಎಂಬ ಚಿಪ್ಪಿನ ಫಲಕ. 3.5ರಿಂದ 28 ವೋಲ್ಟಿನವರೆಗೆ ಒಳಹರಿವನ್ನು ಸ್ವೀಕರಿಸಿ, 3 ಆಂಪಿಯರ್‌ವರೆಗೆ ಪ್ರವಾಹ ಕೊಡಬಲ್ಲ, 570 ಕಿಲೋಹರ್ಟ್ಜ್ ವೇಗದಲ್ಲಿ ಸ್ವಿಚ್ ಮಾಡುವ ಚಿಪ್ಪು ಅದು. ಪಕ್ಕದ ಮನೆಯ ಹುಡುಗಿ, ಎಲೆಕ್ಟ್ರಾನಿಕ್ಸ್ ಮೂರನೆಯ ವರ್ಷದವಳು, ಕುತೂಹಲದಿಂದ ಬಂದು ಕುಳಿತಳು. ಆ ಮಧ್ಯಾಹ್ನ ನಾವು ಮೂವರೂ ಊಟದ ಮೇಜಿನ ಮೇಲೆ ಮಾಡಿದ್ದನ್ನು ಕ್ರಮವಾಗಿ ಹೇಳಿದರೆ ನನ್ನ ವಾದ ತಾನಾಗಿಯೇ ಸ್ಪಷ್ಟವಾಗುತ್ತದೆ.

ಮೊದಲ ಅರ್ಧ ಗಂಟೆ ಯಾವ ತಂತಿಯನ್ನೂ ಮುಟ್ಟಲಿಲ್ಲ. ಕೈಪಿಡಿ ಓದಿದೆವು. ಒಳಹರಿವಿನ ಮಿತಿ ಎಷ್ಟು, ಹೊರಹರಿವು ಎಷ್ಟು, ಯಾವ ಕೊಂಡಿ ಎಲ್ಲಿದೆ, ಅಳೆಯುವ ಬಿಂದುಗಳು ಯಾವುವು ಎಂಬುದನ್ನು ಹುಡುಗಿ ಒಂದು ಹಾಳೆಯಲ್ಲಿ ಬರೆದುಕೊಂಡಳು. ಅನಂತರ ವಿದ್ಯುತ್ ಮೂಲವನ್ನು 12 ವೋಲ್ಟಿಗೆ ಹೊಂದಿಸಿ, ಅದರ ಎರಡು ತುದಿಗಳನ್ನು ಒಂದಕ್ಕೊಂದು ತಾಗಿಸಿ, ಪ್ರವಾಹದ ಮಿತಿಯನ್ನು 0.1 ಆಂಪಿಯರಿಗೆ ಇಳಿಸಿದೆವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇಷ್ಟು ಅಕ್ಷರಶಃ ಪಾಲಿಸುವ ಉಪಕರಣ ಬೇರೊಂದಿಲ್ಲ. ಧನ ಋಣಗಳು ಅದಲುಬದಲಾಗಿದ್ದರೂ, ಎಲ್ಲಿಯೋ ಬೆಸುಗೆಯ ತುಣುಕೊಂದು ಸಿಕ್ಕಿಕೊಂಡಿದ್ದರೂ, ಅಷ್ಟು ಅಲ್ಪ ಪ್ರವಾಹದಲ್ಲಿ ಫಲಕ ಉಳಿದುಕೊಳ್ಳುವ ಸಂಭವ ಹೆಚ್ಚು. ಹೊರತುದಿಯಲ್ಲಿ ಯಾವ ಹೊರೆಯೂ ಇಲ್ಲದಿರುವಾಗ ಚಿಪ್ಪಿಗೆ ಕೆಲವು ಮಿಲಿಆಂಪಿಯರ್ ಸಾಕು. ಅದಕ್ಕಿಂತ ಹೆಚ್ಚು ಎಳೆದರೆ ಏನೋ ಸರಿಯಿಲ್ಲವೆಂದೇ ಅರ್ಥ.

ಮೂಲವನ್ನು ಆರಿಸಿ, ತಂತಿಗಳನ್ನು ಬಿಗಿದು, ಆಮೇಲೆ ಚಾಲನೆ ಮಾಡಬೇಕೆಂಬ ಕ್ರಮಕ್ಕೂ ಕಾರಣವಿದೆ. ಉದ್ದನೆಯ ತಂತಿಗೆ ಸಹಜವಾದ ಪ್ರೇರಕತ್ವವಿರುತ್ತದೆ. ಫಲಕದ ಬಾಗಿಲಲ್ಲಿ ಸೆರಾಮಿಕ್ ಕೆಪಾಸಿಟರ್ ಕುಳಿತಿರುತ್ತದೆ. ವಿದ್ಯುತ್ ಹರಿಯುತ್ತಿರುವ ತಂತಿಯನ್ನು ಥಟ್ಟನೆ ತಾಗಿಸಿದರೆ ಇವೆರಡೂ ಸೇರಿ ಉಯ್ಯಾಲೆಯಾಡುತ್ತವೆ, ವೋಲ್ಟೇಜು ಕ್ಷಣಮಾತ್ರ ಇಮ್ಮಡಿಯ ಸಮೀಪಕ್ಕೆ ಏರಬಹುದು. 12 ವೋಲ್ಟಿಗೆ 24 ಎಂದರೆ ಈ ಚಿಪ್ಪು ತಾಳಿಕೊಂಡೀತು. 24 ವೋಲ್ಟಿನ ತಂತಿಯನ್ನು ಹಾಗೆ ತಾಗಿಸಿದರೆ 48ರ ಸಮೀಪ. 28ರ ಚಿಪ್ಪು ಅಲ್ಲಿಗೆ ಸಮಾಪ್ತಿ. ಮಲ್ಟಿಮೀಟರಿನಲ್ಲಿ ಈ ಏರಿಕೆ ಕಾಣುವುದೇ ಇಲ್ಲ. '24 ವೋಲ್ಟನ್ನೇ ಕೊಟ್ಟಿದ್ದೆ, ಚಿಪ್ಪು ಸುಟ್ಟುಹೋಯಿತು' ಎಂದು ಅಚ್ಚರಿಪಡುವವರು ಬಹಳ ಮಂದಿಯೆಂದು ನನ್ನ ವಿದ್ಯಾರ್ಥಿ ಹೇಳಿದ.

ಚಾಲನೆ ಮಾಡಿದೆವು. ಹುಡುಗಿ ಮಲ್ಟಿಮೀಟರಿನ ತುದಿಗಳನ್ನು ಹೊರಹರಿವಿನ ಬಿಂದುಗಳಿಗೆ ತಾಗಿಸಿ, 3.31 ಎಂದು ಓದಿದಳು. ಆದರೆ ಹಾಳೆಯ ಮೇಲೆ ಅವಳ ಕೈ 3.30 ಎಂದು ಬರೆಯಿತು. ಏಕಮ್ಮಾ ಎಂದೆ. "ಬರಬೇಕಾದದ್ದು 3.3 ಅಲ್ಲವೇ ಅಜ್ಜಾ, ರೆಕಾರ್ಡಿನಲ್ಲಿ ಹಾಗೆಯೇ ಬರೆಯುತ್ತೇವೆ" ಎಂದಳು. ಅವಳ ಮಾತಿನಲ್ಲಿ ಕಪಟವಿರಲಿಲ್ಲ. ಹಾಗೆಂದು ಅವಳಿಗೆ ಕಲಿಸಲಾಗಿತ್ತು.

ಈ ಪ್ರಬಂಧದ ತಿರುಳು ಆ 0.01 ವೋಲ್ಟಿನಲ್ಲಿದೆ. ಈ ಚಿಪ್ಪಿನೊಳಗೆ 0.8 ವೋಲ್ಟಿನ ಒಂದು ಆಧಾರವಿದೆ. ಹೊರಹರಿವನ್ನು ಎರಡು ರೋಧಕಗಳ ಮೂಲಕ ಭಾಗಿಸಿ, ಬಂದ ಪಾಲು 0.8ಕ್ಕೆ ಸಮವಾಗುವಂತೆ ಚಿಪ್ಪು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಉದಾಹರಣೆಗೆ ಮೇಲಿನ ರೋಧಕ 10.2 ಕಿಲೋಓಮ್, ಕೆಳಗಿನದು 3.24 ಕಿಲೋಓಮ್ ಎಂದಿಟ್ಟುಕೊಳ್ಳಿ. 10.2ನ್ನು 3.24ರಿಂದ ಭಾಗಿಸಿ, ಒಂದು ಕೂಡಿಸಿ, 0.8ರಿಂದ ಗುಣಿಸಿದರೆ ಸಿಗುವುದು 3.319. ಅಂಗಡಿಯಲ್ಲಿ ಸಿಗುವ ಬೆಲೆಗಳ ರೋಧಕಗಳಿಂದ ಸರಿಯಾಗಿ 3.300 ಬರುವುದು ಅಪರೂಪ. ರೋಧಕಗಳಲ್ಲಿ ನೂರಕ್ಕೆ 1ರಷ್ಟು ಹೆಚ್ಚುಕಡಿಮೆಯಿರುತ್ತದೆ, ಆಧಾರ ವೋಲ್ಟೇಜಿನಲ್ಲಿಯೂ ಅಲ್ಪ ವ್ಯತ್ಯಾಸವಿರುತ್ತದೆ. ಆದುದರಿಂದ 3.31 ಎಂಬುದು ತಪ್ಪೂ ಅಲ್ಲ, ಕೊರತೆಯೂ ಅಲ್ಲ. ಆ ಫಲಕದ ಆ ಕ್ಷಣದ ಸತ್ಯ ಅದು. 3.30 ಎಂದು ಬರೆದವಳಿಗೆ ಈ ಯಾವ ವಿಚಾರವೂ ಹೊಳೆಯುವ ಅವಕಾಶವಿರಲಿಲ್ಲ. 3.31 ಎಂದು ಬರೆದೊಡನೆ 'ಏಕೆ' ಎಂಬ ಪ್ರಶ್ನೆ ಎದ್ದಿತು. ಹದಿನೈದು ನಿಮಿಷದಲ್ಲಿ ಅವಳು ರೋಧಕಗಳ ಲೆಕ್ಕವನ್ನು ತಾನೇ ಮಾಡಿ ಮುಗಿಸಿದಳು.

ಮುಂದೆ ದಕ್ಷತೆಯನ್ನು ಅಳೆಯುವ ಕೆಲಸ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಗ್ಗವಾಗಿ ದೊರೆಯುವ 3.3 ಓಮ್, 10 ವಾಟಿನ ಎರಡು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ 1.65 ಓಮಿನ ಹೊರೆ. ಪ್ರವಾಹದ ಮಿತಿಯನ್ನು 1 ಆಂಪಿಯರಿಗೆ ಏರಿಸಿ ಹೊರೆಯನ್ನು ಹೊರಿಸಿದೆವು. ವಿದ್ಯುತ್ ಮೂಲದ ಮುಖದ ಮೇಲೆ 12.00 ವೋಲ್ಟ್, 0.62 ಆಂಪಿಯರ್. ಹೊರೆಯ ತುದಿಯಲ್ಲಿ 3.12 ವೋಲ್ಟ್, 1.89 ಆಂಪಿಯರ್. ಹುಡುಗಿ ಗುಣಿಸಿ ಭಾಗಿಸಿ, ದಕ್ಷತೆ ನೂರಕ್ಕೆ 79 ಎಂದಳು. ಕೈಪಿಡಿಯ ನಕ್ಷೆ ಅದಕ್ಕಿಂತ ಹೆಚ್ಚನ್ನು ತೋರಿಸುತ್ತಿತ್ತು. ಚಿಪ್ಪು ಕೆಟ್ಟಿದೆಯೋ, ಕಂಪನಿ ಸುಳ್ಳು ಹೇಳುತ್ತಿದೆಯೋ? ನನ್ನ ವಿದ್ಯಾರ್ಥಿ ಏನೂ ಹೇಳದೆ ಮಲ್ಟಿಮೀಟರನ್ನು ಅವಳ ಕೈಗಿತ್ತು, ಫಲಕದ ಮೇಲಿನ ಬಿಂದುಗಳನ್ನು ತೋರಿಸಿದ. ಒಳಹರಿವು ಅಲ್ಲಿ 11.94 ವೋಲ್ಟ್; ಹೊರಹರಿವು ಅಲ್ಲಿ 3.31. ಮತ್ತೆ ಲೆಕ್ಕ ಮಾಡಿದರೆ ನೂರಕ್ಕೆ 84ಕ್ಕಿಂತ ಮೇಲೆ.

ಹಾಗಾದರೆ ನಡುವಿನ ಐದು ಪಾಲು ಎಲ್ಲಿಗೆ ಹೋಯಿತು? ತಂತಿಗಳಿಗೆ. ಆ ತಂತಿಗಳ ರೋಧ ಸುಮಾರು 0.1 ಓಮ್. ಅದರಲ್ಲಿ 1.89 ಆಂಪಿಯರ್ ಹರಿದರೆ 0.19 ವೋಲ್ಟ್ ನಷ್ಟ. ಎಂಟನೆಯ ತರಗತಿಯಲ್ಲಿ ಗಟ್ಟಿಯಾಗಿ ಹೇಳಿಸುತ್ತಿದ್ದೆನಲ್ಲ, ವೋಲ್ಟೇಜು ಎಂದರೆ ಪ್ರವಾಹ ಮತ್ತು ರೋಧಗಳ ಗುಣಲಬ್ಧ, ಅದೇ. ಹುಡುಗಿ ಆ ನಿಯಮವನ್ನು ನೂರು ಬಾರಿ ಬರೆದಿದ್ದವಳು. ತನ್ನ ಕೈಯಲ್ಲಿದ್ದ ಕೆಂಪು ತಂತಿಗೂ ಅದು ಅನ್ವಯಿಸುತ್ತದೆಯೆಂದು ಅಂದೇ ಕಂಡದ್ದು. ಎಲ್ಲಿ ಅಳೆಯುತ್ತೇವೆ ಎಂಬುದು ಏನನ್ನು ಅಳೆಯುತ್ತೇವೆ ಎಂಬಷ್ಟೇ ಮುಖ್ಯವೆಂಬ ಪಾಠವನ್ನು ಕರಿಹಲಗೆಯ ಮೇಲೆ ನಾನು ಎಂದೂ ಅಷ್ಟು ಚೆನ್ನಾಗಿ ಕಲಿಸಿದವನಲ್ಲ.

ಆಸಿಲೋಸ್ಕೋಪಿನ ಪಾಠವೂ ಇದೇ ಬಗೆಯದು. ಹೊರಹರಿವಿನ ಮೇಲೆ ಸವಾರಿ ಮಾಡುವ ಸಣ್ಣ ತೆರೆಗಳನ್ನು ನೋಡಲು ಅದರ ಶೋಧಕವನ್ನು ತಾಗಿಸಿ, ಜೊತೆಗಿರುವ ಉದ್ದನೆಯ ಭೂತಂತಿಯನ್ನು ದೂರದಲ್ಲೆಲ್ಲೋ ಕಚ್ಚಿಸಿದಾಗ ಪರದೆಯ ಮೇಲೆ ಮುಳ್ಳುಗಳ ಪೊದೆಯೇ ಕಾಣಿಸಿತು. ಆ ತಂತಿಯನ್ನು ತೆಗೆದು, ಶೋಧಕದ ಮೂತಿಗೆ ಪುಟ್ಟ ಸ್ಪ್ರಿಂಗನ್ನು ಸಿಕ್ಕಿಸಿ, ಕೆಪಾಸಿಟರಿನ ಎರಡು ಬದಿಗೆ ನೇರವಾಗಿ ಇಟ್ಟಾಗ ಪೊದೆ ಮಾಯವಾಗಿ ಸೌಮ್ಯವಾದ ಅಲೆ ಉಳಿಯಿತು. ಮುಳ್ಳುಗಳಲ್ಲಿ ಹೆಚ್ಚಿನವು ಫಲಕದಲ್ಲಿರಲಿಲ್ಲ, ಆ ಉದ್ದನೆಯ ತಂತಿ ಆಂಟೆನಾದಂತೆ ಹಿಡಿದು ತಂದವು. ಅಲೆಯಿಂದ ಅಲೆಗೆ 1.75 ಮೈಕ್ರೊಸೆಕೆಂಡ್; ಲೆಕ್ಕ ಹಾಕಿದರೆ 570 ಕಿಲೋಹರ್ಟ್ಜ್. ಹೊರೆಯನ್ನು ತೆಗೆದೊಡನೆ ಅಲೆಗಳು ವಿರಳವಾಗಿ ಕ್ರಮಗೆಟ್ಟವು. ಅದು ದೋಷವಲ್ಲ, ಕೆಲಸ ಕಡಿಮೆಯಿದ್ದಾಗ ನಡುನಡುವೆ ಬಿಡುವು ಮಾಡಿಕೊಂಡು ಶಕ್ತಿ ಉಳಿಸುವಂತೆ ಆ ಚಿಪ್ಪನ್ನು ರೂಪಿಸಲಾಗಿದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಈಗ ನನ್ನ ಅಸಮಾಧಾನದ ವಿಷಯಕ್ಕೆ ಬರುತ್ತೇನೆ. ಆ ಹುಡುಗಿ ಮರುದಿನ ತನ್ನ ಪ್ರಯೋಗಾಲಯದ ರೆಕಾರ್ಡು ಪುಸ್ತಕವನ್ನು ತಂದು ತೋರಿಸಿದಳು. ಜೊತೆಗೆ ಗೆಳತಿಯರಿಬ್ಬರ ಪುಸ್ತಕಗಳೂ ಇದ್ದವು. ಅಂದವಾದ ಕೈಬರಹ, ಬಣ್ಣದ ನಕ್ಷೆಗಳು, ಪ್ರತಿ ಪುಟದಲ್ಲಿಯೂ ಸಹಿ. ಮೂರರಲ್ಲಿಯೂ ಎಲ್ಲ ಅಂಕಿಗಳು ದಶಮಾಂಶದವರೆಗೆ ಒಂದೇ. ಹಿಂದಿನ ವರ್ಷದವರ ಪುಸ್ತಕದಿಂದ ಇಳಿಸಿಕೊಂಡದ್ದೆಂದು ಅವಳೇ ಸಹಜವಾಗಿ ಹೇಳಿದಳು. ಮೂರು ಬೇರೆ ಬೇರೆ ಮೀಟರುಗಳು, ಬೇರೆ ಬೇರೆ ರೋಧಕಗಳು ಒಂದೇ ಅಂಕಿಯನ್ನು ಕೊಡಲಾರವೆಂಬುದು ಸಹಿ ಹಾಕಿದವರಿಗೆ ತಿಳಿಯದ ವಿಷಯವಲ್ಲ. ಆ ಕಾಲೇಜಿನ ಹೆಸರು ಇಲ್ಲಿ ಅನಗತ್ಯ. ಮಕ್ಕಳನ್ನೂ ನಾನು ದೂರುವುದಿಲ್ಲ. ಪುಸ್ತಕದ ಬೆಲೆಗೆ ಹೊಂದಿದರೆ ಪೂರ್ತಿ ಅಂಕ, ಹೊಂದದಿದ್ದರೆ ಅರ್ಧ ಅಂಕ ಎಂಬ ಏರ್ಪಾಟು ಇರುವ ತನಕ ಯಾವ ಜಾಣ ವಿದ್ಯಾರ್ಥಿಯೂ 3.31 ಎಂದು ಬರೆಯಲಾರ.

ಇದರಿಂದ ಆಗುವ ಹಾನಿಯೇನು? ಲಿಥಿಯಂ ಬ್ಯಾಟರಿಗೆ ವಿದ್ಯುತ್ ತುಂಬುವ ಚಿಪ್ಪು ಸಾಮಾನ್ಯವಾಗಿ 4.2 ವೋಲ್ಟಿನಲ್ಲಿ ನಿಲ್ಲಬೇಕು. ನೂರಕ್ಕೆ 1 ಹೆಚ್ಚಾದರೆ 4.242. ಅಲ್ಲಿಂದ ಮೇಲಕ್ಕೆ ಹೋದಷ್ಟೂ ಬ್ಯಾಟರಿಯ ಆಯುಸ್ಸು ಕುಗ್ಗುತ್ತದೆ, ಇನ್ನೂ ಮೇಲೆ ಹೋದರೆ ಅದು ಉಬ್ಬಬಹುದು, ಬೆಂಕಿ ಹೊತ್ತಲೂಬಹುದು. ಅದನ್ನು ಪರೀಕ್ಷಿಸುವ ಮೇಜಿನ ಮುಂದೆ, ಬರಬೇಕಾದದ್ದು 4.20 ಎಂದು ಅಳೆಯದೆಯೇ ಬರೆಯುವ ಅಭ್ಯಾಸವಿರುವ ಪದವೀಧರ ಕುಳಿತಿದ್ದರೆ, ಅವನು ಬರೆದ ಅಂಕಿ ಯಾರದೋ ಮಗುವಿನ ದಿಂಬಿನ ಪಕ್ಕದಲ್ಲಿ ರಾತ್ರಿ ಕಳೆಯುತ್ತದೆ. ರೆಕಾರ್ಡಿನ ಸುಳ್ಳು ರೆಕಾರ್ಡಿನಲ್ಲಿಯೇ ಉಳಿಯುವುದಿಲ್ಲ.

ನನ್ನ ಸಲಹೆಗೆ ಬರಬಹುದಾದ ಆಕ್ಷೇಪಣೆಗಳನ್ನು ಬಲ್ಲೆ. ಹಣ ಎಲ್ಲಿಂದ ಎನ್ನುವವರಿದ್ದಾರೆ. ಒಂದು ಫಲಕವನ್ನು ವರ್ಷಗಟ್ಟಲೆ ಬಳಸಬಹುದು. ಪ್ರವಾಹದ ಮಿತಿಯನ್ನು ಮೊದಲು ಹೊಂದಿಸುವ ಅಭ್ಯಾಸವಾದರೆ ಸುಡುವುದೂ ಅಪರೂಪ. ಕಂಪ್ಯೂಟರಿನಲ್ಲಿ ಅನುಕರಣೆ ಮಾಡಿದರೆ ಸಾಲದೇ ಎನ್ನುವವರಿದ್ದಾರೆ. ಎಲ್‌ಟಿಸ್ಪೈಸ್‌ನಂತಹ ಉತ್ತಮ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ, ಅದನ್ನು ಕಲಿಯಲೇಬೇಕು. ಆದರೆ ನಾವು ಚಿತ್ರಿಸದ ತಂತಿಗೆ ಅಲ್ಲಿ ರೋಧವಿರುವುದಿಲ್ಲ. ಮೇಜಿನ ಮೇಲೆ ನಮ್ಮ ಅಪ್ಪಣೆ ಕೇಳದೆಯೇ ಇರುತ್ತದೆ. ಇನ್ನು ಕೆಲವರು ಈ ಫಲಕಗಳು ಕಂಪನಿಗಳ ಮಾರಾಟದ ಸಾಧನಗಳಲ್ಲವೇ ಎನ್ನುತ್ತಾರೆ. ನಿಜ. ಎಲ್ಲವನ್ನೂ ಅತ್ಯನುಕೂಲವಾಗಿ ಜೋಡಿಸಿರುವ ಫಲಕದ ಮೇಲೆ ಚಿಪ್ಪು ಚೆನ್ನಾಗಿ ಕಂಡೇ ಕಾಣುತ್ತದೆ. ಅಷ್ಟಿದ್ದಮೇಲೆ ಕಂಪನಿಯ ಮಾತನ್ನು ತಾನೇ ಅಳೆದು ನೋಡುವ ಶಕ್ತಿ ವಿದ್ಯಾರ್ಥಿಗೆ ಇನ್ನಷ್ಟು ಅವಶ್ಯಕ.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆಯಿತು. ಅಂದಿನಿಂದ ಈ ನಗರದಲ್ಲಿ ಚಿಪ್ಪುಗಳ ವಿನ್ಯಾಸ ನಡೆಯುತ್ತಿದೆ. ನಿಮ್ಮಲ್ಲಿ ಕೆಲವರ ಅನ್ನವೂ ಅದರಿಂದಲೇ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಅರೆವಾಹಕ ಉದ್ಯಮಕ್ಕೆಂದು 76,000 ಕೋಟಿ ರೂಪಾಯಿಗಳ ಯೋಜನೆಯನ್ನು ಒಪ್ಪಿತು. ಕಾರ್ಖಾನೆಗಳನ್ನು ಹಣದಿಂದ ಕಟ್ಟಬಹುದು. ಕಂಡದ್ದನ್ನು ಕಂಡಂತೆ ಬರೆಯುವ ಕೈಗಳನ್ನು ತರಗತಿಯಲ್ಲಿಯೇ ತಯಾರು ಮಾಡಬೇಕು.

ಆದ್ದರಿಂದ ಕಾಲೇಜುಗಳಲ್ಲಿ ಪಾಠ ಹೇಳುತ್ತಿರುವ ನನ್ನ ಶಿಷ್ಯರಲ್ಲಿ ನಾಲ್ಕು ಬೇಡಿಕೆಗಳು. ಪ್ರಯೋಗದ ಕೈಪಿಡಿಯಿಂದ ನಿರೀಕ್ಷಿತ ಉತ್ತರವನ್ನು ತೆಗೆದುಹಾಕಿ. ಪ್ರತಿ ಫಲಕಕ್ಕೂ ಪ್ರತಿ ಮೀಟರಿಗೂ ಒಂದು ಸಂಖ್ಯೆ ಕೊಟ್ಟು, ರೆಕಾರ್ಡಿನಲ್ಲಿ ಅದನ್ನು ನಮೂದಿಸಲು ಹೇಳಿ. ಆಗ ನಕಲು ತಾನಾಗಿಯೇ ಬಯಲಾಗುತ್ತದೆ. ಅಂಕಗಳಲ್ಲಿ ಅರ್ಧವನ್ನು, ಲೆಕ್ಕಕ್ಕೂ ಅಳತೆಗೂ ಇರುವ ಅಂತರಕ್ಕೆ ಕಾರಣ ಹೇಳಿದವರಿಗೆ ಮೀಸಲಿಡಿ. ಮತ್ತು ಸುಟ್ಟ ಚಿಪ್ಪನ್ನು ತಂದು ಒಪ್ಪಿಸಿ, ಏಕೆ ಸುಟ್ಟಿತೆಂದು ವಿವರಿಸಿದ ಹುಡುಗನಿಗೆ ದಂಡ ಹಾಕಬೇಡಿ.

ಉದ್ಯಮದಲ್ಲಿರುವ ಶಿಷ್ಯರಲ್ಲಿ ಒಂದೇ ಬೇಡಿಕೆ. ನಿಮ್ಮ ಮೇಜಿನ ಖಾನೆಗಳಲ್ಲಿ ಕೆಲಸ ಮುಗಿದ ಪರೀಕ್ಷಾ ಫಲಕಗಳು ಧೂಳು ತಿನ್ನುತ್ತಿರುತ್ತವೆಯೆಂದು ಕೇಳಿದ್ದೇನೆ. ಕಚೇರಿಯ ಅನುಮತಿ ಪಡೆದು ಅವನ್ನು ನಿಮ್ಮೂರಿನ ಹತ್ತಿರದ ಕಾಲೇಜಿಗೆ ಕೊಡಿ. ಅಂಚೆಯಲ್ಲಿ ಕಳಿಸಿ ಕೈತೊಳೆದುಕೊಳ್ಳಬೇಡಿ. ಒಂದು ಶನಿವಾರ ನೀವೇ ಹೋಗಿ ಮಕ್ಕಳ ಪಕ್ಕದಲ್ಲಿ ಕುಳಿತುಕೊಳ್ಳಿ. ಉತ್ತರ ಹೇಳಬೇಡಿ. ಮಲ್ಟಿಮೀಟರನ್ನು ಅವರ ಕೈಗಿತ್ತು, ಎಲ್ಲಿ ತಾಗಿಸಬೇಕೆಂದು ಮಾತ್ರ ತೋರಿಸಿ.